ಮೂಲಬನದ ಬಿಳಿ ಚೌಕ

"ಹ್ವಾಯ್! ಅಲ್ಲೇ ನಿಲ್ಲಿ! ಇನ್ನೊಂದ್ ಹೆಜ್ಜಿ ಇಟ್ರೆ ಕಾಲ್ ಡಾಂಬರಿಗೆ!"

ಮೋಕ್ಷಿತಾ ಎತ್ತಿದ ಪಾದವನ್ನು ಎತ್ತಿದಂತೆಯೇ ಹಿಡಿದು ನಿಂತಳು. ಕೈಯ ಟ್ಯಾಬ್‌ನಲ್ಲಿ ನೆಟ್ಟಿದ್ದ ದೃಷ್ಟಿಯನ್ನು ಕಿತ್ತು ಕೆಳಗೆ ನೋಡಿದರೆ... ನಿಜ! ಕಾಲಿನಡಿಯಲ್ಲೇ ಬಿಸಿ ಡಾಂಬರಿನ ಅಗಲವಾದ ಬಾಣಲೆ!

ಅದು ಹಂಗಾರಕಟ್ಟೆಯ ಅಳಿವೆಯಂಚಿನಲ್ಲಿ ದೋಣಿ ಕಟ್ಟುವ ಅಂಗಳ. ಅರ್ಧ ಮುಗಿದ ದೋಣಿಯ ಮೇಲೆ ಕುಳಿತು ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಿದ್ದ ಯುವಕ ಧುಮುಕಿ ಬಂದವನೇ ಅವಳ ಮೊಣಕೈ ಹಿಡಿದು ಹಿಂದಕ್ಕೆಳೆದ. ಮರುಕ್ಷಣವೇ, ಹಿಡಿದದ್ದು ಅಪರಿಚಿತೆಯ ಕೈ ಎಂಬುದು ಹೊಳೆದು ಬಿಟ್ಟುಬಿಟ್ಟ.

ಕೈಗಂಟಿದ್ದ ಹತ್ತಿಯ ಎಳೆಗಳನ್ನು ಕೊಡವುತ್ತ ಕೇಳಿದ:

"ಎಂತ ಹುಡ್ಕುದ್ ನೀವ್?"

"ಕ್ಷಮಿಸಿ... ಇಲ್ಲೊಂದು ನಾಗಬನ ಇರಬೇಕಿತ್ತು. ಉಪಗ್ರಹದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ದಟ್ಟ ಹಸಿರು, ದುಂಡಗಿನ ಆಕಾರ..."

ಅವನು ಟ್ಯಾಬ್‌ಗೆ ಬಗ್ಗಿ ನೋಡಿದ. ಅಂಗಳದ ಮೂಲೆಗೊಮ್ಮೆ ನೋಡಿದ. ಆಮೇಲೆ ನಗು ತಡೆಯಲಾಗದೆ ಸೊಂಟಕ್ಕೆ ಕೈಕೊಟ್ಟು ನಿಂತ.

"ನಿಮ್ಮ ಬನ ಅಲ್ಲಿತ್ತ್ ಕಾಣಿ! ಹಳೇ ಹಸ್ರ್ ಮೀನ್ ಬಲಿ ರಾಶಿ. ಬೇಕಾರೆ ಒಂದ್ ಪ್ರದಕ್ಷಿಣೆ ಹಾಕಿ ಬನಿ!"

ಕೆಲಸದವರೆಲ್ಲ ಗೊಳ್ಳೆಂದರು. ಮೋಕ್ಷಿತಾಳ ಮುಖ ಕೆಂಪೇರಿತು.

"ಯಂತ್ರ ಇನ್ನೂ ಕಲಿಯುತ್ತಿದೆ. ತಪ್ಪು ತೋರಿಸಿಕೊಟ್ಟರೆ ತಿದ್ದಿಕೊಳ್ಳುತ್ತದೆ."

"ಮನುಷ್ಯರ್ ಹಾಂಗಲ್ಲ ಅಂದಾಯ್ತ್. ಎಲ್ಲಿಯವ್ರ್ ನೀವ್?"

"ಕುಂದಾಪುರ. ಮೀನು ವ್ಯಾಪಾರದ ಕಮಲಾ ಅವರ ಮಗಳು."

"ಕುಂದಾಪ್ರದವ್ರಾ! ಮತ್ತೆಂತಕೆ ರೇಡಿಯೋ ವಾರ್ತೆ ಹಾಂಗೆ ಮಾತಾಡುದ್?"

ಈ ಬಾರಿ ಅವಳಿಗೂ ನಗು ಬಂತು. "ಆಫೀಸ್ ಕೆಲ್ಸ ಅಲ್ದಾ... ಅಭ್ಯಾಸ ಆಯ್ ಹೋಯ್ತ್."

ಅವನ ಹೆಸರು ರತನ್. ತಂದೆಯ ನಂತರ ಅಂಗಳದ ಹೊಣೆ ಹೊತ್ತವನು. ಅವಳದು ಸಂಶೋಧನಾ ಸಂಸ್ಥೆಯೊಂದರ ಕೆಲಸ. ಕರಾವಳಿಯ ಹಳೆಯ ಬನಗಳು ಎಲ್ಲೆಲ್ಲಿ ಉಳಿದಿವೆ ಎಂಬ ನಕಾಶೆ ಸಿದ್ಧಪಡಿಸುವುದು. ಗೊತ್ತಿರುವ ಬನಗಳ ಉಪಗ್ರಹ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸುತ್ತ ಹೋದರೆ ಅದು ಕಲಿಯುತ್ತದೆ. ತೆಂಗು, ಗೇರು ಆದರೆ ಸಾಲು. ಬನವಾದರೆ ತಲೆಗೆ ತಲೆ ತಾಗಿಸಿ ನಿಂತ ಮರಗಳ ಗುಂಪು. ಅದು ಗುರುತಿಸಿದ್ದನ್ನು ಕಾಲ್ನಡಿಗೆಯಲ್ಲಿ ಹೋಗಿ, ಕಣ್ಣಾರೆ ಕಂಡು, ಹೌದು ಅಥವಾ ಅಲ್ಲ ಎನ್ನುವುದು ಮೋಕ್ಷಿತಾಳ ಪಾಲಿನ ಕೆಲಸ.

ಇದನ್ನೆಲ್ಲ ಕೇಳುತ್ತ, ಚಹಾದ ಲೋಟಗಳನ್ನು ಹಿಡಿದು ಬಂದ ರತನನ ತಾಯಿ ಜಲಜ ಅಲ್ಲಿಯೇ ನಿಂತುಬಿಟ್ಟರು.

"ಹೆಣೆ... ನಿನ್ನ ಆ ಮಿಷಿನ್ ಕಳ್ದ್ ಹೋದ ಬನವನ್ನೂ ಹುಡ್ಕತ್ತಾ?"

ಅಂಗಳದ ನಗು ತಟ್ಟನೆ ನಿಂತಿತು.

"ಅಬ್ಬಿ, ಸುಮ್ನಿರಿ" ಎಂದ ರತನ್, ತಗ್ಗಿದ ದನಿಯಲ್ಲಿ.

ಆದರೆ ಜಲಜರ ಕಣ್ಣು ಮೋಕ್ಷಿತಾಳ ಮುಖವನ್ನು ಬಿಟ್ಟು ಕದಲಲಿಲ್ಲ.

*

ಕರಾವಳಿಯಲ್ಲಿ ಪ್ರತಿ ಕುಟುಂಬಕ್ಕೂ ಒಂದು ಮೂಲಬನ. ಹಿರಿಯರು ಮೊದಲು ನಾಗನನ್ನು ನಂಬಿದ ಜಾಗ. ಎಲ್ಲಿ ನೆಲೆಸಿದ್ದರೂ ವರ್ಷಕ್ಕೊಮ್ಮೆ ಅಲ್ಲಿಗೆ ಬಂದು ಹಾಲು, ಎಳನೀರು ಎರೆಯಬೇಕು. ಜಲಜರ ಕುಟುಂಬಕ್ಕೆ ಆ ಜಾಗವೇ ಮರೆತುಹೋಗಿತ್ತು! ಅಜ್ಜಿಯ ಅಜ್ಜಿಯ ಕಾಲದಲ್ಲಿ ಬೈಂದೂರು ಕಡೆಯಿಂದ ದೋಣಿ ಹತ್ತಿ ಬಂದವರಂತೆ. ಉಳಿದದ್ದು ಅಷ್ಟೇ ಮಾತು. ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ, ಯಾವ ನೆಂಟಸ್ತಿಕೆ ಮುರಿದರೂ, "ಮೂಲ ಸಿಕ್ಕದೆ ಹೀಂಗಾಯ್ತ್" ಎಂದು ಜಲಜ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೋಕ್ಷಿತಾ ಬೈಂದೂರು ಸುತ್ತಲಿನ ಹೊಸ ಹಳೆಯ ಚಿತ್ರಗಳನ್ನೆಲ್ಲ ಯಂತ್ರದ ಮುಂದಿಟ್ಟಳು. ಅದು ತೋರಿಸಿದ ಹಸಿರು ಚುಕ್ಕಿಗಳನ್ನು ಹುಡುಕಿಕೊಂಡು ರತನನ ಬೈಕಿನ ಹಿಂದೆ ಕುಳಿತು ಅಲೆದಳು. ಒಂದು ಬನಕ್ಕೆ ಆಗಲೇ ವಾರಸುದಾರರಿದ್ದರು. ಇನ್ನೊಂದು ಬನವೇ ಅಲ್ಲ, ಬಳ್ಳಿ ಮುಸುಕಿದ ಪಾಳುಮನೆ. ಪ್ರತಿ ಸೋಲಿಗೂ ರತನನದೊಂದು ಕುಚೋದ್ಯ ಸಿದ್ಧವಾಗಿರುತ್ತಿತ್ತು.

"ಅಡ್ಡಿಲ್ಲೆ ಬಿಡಿ. ಬಲಿ ರಾಶಿಯಿಂದ ಪಾಳುಮನಿಗೆ ಬಂತಲ್ದಾ? ನಿಮ್ ಮಿಷಿನ್ ಮುಂದ್ ಬತ್ತಾ ಇತ್ತ್!"

ಕೊನೆಗೆ ಯಡ್ತರೆಯ ಗದ್ದೆಬಯಲಿನ ನಡುವೆ...

ಆ ಬನದ ಬಾಯಿಯಲ್ಲಿ ಇಬ್ಬರೂ ಚಪ್ಪಲಿ ಕಳಚಿ ನಿಂತರು. ಹಾಲೆಮರ, ರೆಂಜೆ, ಕಾಸರಕ ಒಂದರ ಹೆಗಲ ಮೇಲೊಂದು ಕೈಯಿಟ್ಟಂತೆ ನಿಂತಿದ್ದವು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಕೆರೆನೀರಿನ ತಂಪು. ಬೇರುಗಳು ಅಪ್ಪಿಕೊಂಡಿದ್ದ ಕಲ್ಲುಗಳಲ್ಲಿ ಸವೆದ ಹೆಡೆಯ ಗುರುತು.

ಪಕ್ಕದ ಗದ್ದೆಯ ಸೋಮಣ್ಣ ಹೇಳಿದರು: "ಇದ್ ನಮ್ದಲ್ಲ ಮಾರಾಯ್ರೆ. ದಕ್ಷಿಣಕ್ಕೆ ದೋಣಿ ಹತ್ತಿ ಹೋದವ್ರದ್ ಅಂಬ್ರ್. ಅವ್ರ್ ಬಪ್ಪಲ್ಲಿವರಿಗೆ ಒಂದ್ ದೀಪ ಇಡಿ ಅಂದ್ ನಮ್ಮ ಹಿರಿಯೋರ್ ಹೇಳಿದ್ರ್. ನಾವ್ ಇವತ್ತಿಗೂ ಇಡ್ತಾ ಇತ್."

ರತನ್ ಕೈಮುಗಿದು ನಿಂತ. ಅವನ ಕಣ್ಣಂಚಿನ ಹನಿಯನ್ನು ಮೋಕ್ಷಿತಾ ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು. 'ಈ ಮನುಷ್ಯನನ್ನು ನಾನು ಪ್ರೀತಿಸುತ್ತಿದ್ದೇನೆ...' ಎಂದು ಅವಳ ಮನಸ್ಸು ಆ ತಂಪಿನಲ್ಲಿ ಮೊದಲ ಬಾರಿ ಸ್ಪಷ್ಟವಾಗಿ ನುಡಿಯಿತು.

ನಾಗದರ್ಶನದಲ್ಲೂ, ಮೈಮೇಲೆ ನಾಗ ಬಂದ ಪಾತ್ರಿಗಳು ಅದೇ ಬನವನ್ನು ಹೇಳಿದ ದಿನ ಜಲಜ ಅವಳ ಕೆನ್ನೆ ಸವರಿ, "ನನ್ನ ಮನಿಗೆ ಬಾ ಹೆಣೆ" ಎಂದರು. ಎರಡೂ ಮನೆಗಳಲ್ಲಿ ಮದುವೆಯ ಮಾತುಕತೆ ನಡೆಯಿತು.

ತರಬೇತಿಗೆಂದು ಕೆಲವು ತಿಂಗಳ ಮಟ್ಟಿಗೆ ಹೈದರಾಬಾದಿಗೆ ಹೊರಡುವ ಮುನ್ನ ಅವಳು ರತನನನ್ನು ಕೇಳಿದ್ದಳು: "ಬನಕ್ಕೆ ಎಂತ ಆತ್ತಿಲ್ಲೆ ಅಲ್ದಾ? ಎಲ್ಲ ಬದಿ ಮರ ಕಡ್ದ್ ಕಲ್ಲ್ ಹಾಸ್ತ್ರ್..."

"ನಾನ್ ಇದ್ದೆ ಮೋಕ್ಷಿ. ಒಂದ್ ಎಲಿಗೂ ಕೈ ಹಾಕುಕೆ ಬಿಡುದಿಲ್ಲೆ."

ಆ ಮಾತನ್ನು ನಂಬಿ ಹೋದಳು. ಅದೇ ಮಾತು ತನ್ನ ಎದೆಗೆ ಮುಳ್ಳಾಗಿ ಮರಳುವುದೆಂದು ಅವಳಿಗೇನು ಗೊತ್ತು!

*

ಹೈದರಾಬಾದಿನ ತಂಪು ಕೋಣೆಯಲ್ಲಿ ಅಂದು ಹೊಸ ಚಿತ್ರಗಳು ಬಂದಿದ್ದವು. ಎಲ್ಲಿ ಹಸಿರು ಅಳಿದಿದೆಯೋ ಅಲ್ಲಿ ಯಂತ್ರ ಕೆಂಪು ಗುರುತು ಹಾಕಬೇಕು. ಮೊದಲ ಪರೀಕ್ಷೆಗೆ ಮೋಕ್ಷಿತಾ ಬೇಕೆಂದೇ ತನ್ನೂರ ಕಡೆಯ ಚಿತ್ರವನ್ನು ಆರಿಸಿಕೊಂಡಳು.

ಒಂದು ಗುರುತು ಮೂಡಿತು.

ಯಡ್ತರೆ.

'ಇಲ್ಲ... ತಪ್ಪು. ಮೋಡದ ನೆರಳಿರಬೇಕು!'

ಚಿತ್ರವನ್ನು ಹಿಗ್ಗಿಸಿದಳು. ದುಂಡಗಿನ ಹಸಿರಿನ ಜಾಗದಲ್ಲಿ ನಾಲ್ಕು ಮೂಲೆ ಸರಿಯಾಗಿದ್ದ ಒಂದು ಬಿಳಿ ಚೌಕ. ಹೊಳೆಯುವ ಕಲ್ಲು. ಯಂತ್ರ ತಪ್ಪಿರಲಿಲ್ಲ. ಅದು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ಅವಳ ಎದೆ ಒಡೆಯುವಷ್ಟು!

'ದಾರಿ ತೋರಿಸಿದವಳು ನಾನೇ. ನಾನು ಹುಡುಕಿಕೊಡದಿದ್ದರೆ ಅದು ಇಂದಿಗೂ ಅಲ್ಲಿಯೇ ಇರುತ್ತಿತ್ತು...'

ಆಗ ನೆನಪಾಯಿತು. ಎರಡು ವಾರದ ಹಿಂದೆ, ಅವಳು ಸಂಸ್ಥೆಯ ಹಿರಿಯ ಅಧಿಕಾರಿಗಳೆದುರು ತನ್ನ ಕೆಲಸ ವಿವರಿಸುತ್ತಿದ್ದ ಹೊತ್ತಿನಲ್ಲಿ ರತನನ ಕರೆಗಳು ಒಂದರ ಹಿಂದೊಂದು ಬಂದಿದ್ದವು. "ಆಮೇಲೆ ಮಾತಾಡ್ತೆ" ಎಂದು ಸಂದೇಶ ಕಳಿಸಿ, ಆಮೇಲೆ ಮರೆತಿದ್ದಳು. ಆ ನಂತರ ಅವನೂ ಕರೆ ಮಾಡಿರಲಿಲ್ಲ.

'ತಪ್ಪೊಪ್ಪಿಕೊಳ್ಳಲು ಮಾಡಿದ ಕರೆಗಳು! ಆಮೇಲೆ ಹೇಳಲು ಮುಖವಿರಲಿಲ್ಲ, ಅದಕ್ಕೇ ಮಾಡಲಿಲ್ಲ!' ಎಂದಿತು ಸಿಟ್ಟು. ಆ ಸಿಟ್ಟನ್ನೇ ಅವಳು ನಂಬಿದಳು.

ರತನನಿಗೆ ಸಂದೇಶ ಬರೆಯುವಾಗ ಅವಳ ಬೆರಳುಗಳು ಆ ದಿನ ಕುಂದಾಪ್ರ ಕನ್ನಡವನ್ನು ಮರೆತವು. 'ಮೇಲಿನಿಂದ ಎಲ್ಲವೂ ಕಾಣಿಸಿತು. ಕೊಟ್ಟ ಮಾತಿಗೆ ಬೆಲೆಯಿಲ್ಲದವರೊಂದಿಗೆ ನನಗೆ ಮಾತಿಲ್ಲ. ದಯವಿಟ್ಟು ಇನ್ನು ಕರೆ ಮಾಡಬೇಡಿ.'

ಉತ್ತರ ಬರುವ ಮೊದಲೇ ಅವನ ಸಂಖ್ಯೆಯನ್ನು ತಡೆಹಿಡಿದಳು. ಎರಡು ಮನೆಗಳ ಮಾತುಕತೆ ಅಲ್ಲಿಗೆ ನಿಂತಿತು. ಸಂಸ್ಥೆಯವರನ್ನು ಒಪ್ಪಿಸಿ, ಯಾವ ಬನ ಎಲ್ಲಿದೆ ಎಂಬುದು ಹೊರಗಿನವರಿಗೆ ಕಾಣದಂತೆ ನಕಾಶೆಯಿಂದ ಎಲ್ಲ ಗುರುತುಗಳನ್ನೂ ಅಳಿಸಿದಳು. ಯಡ್ತರೆಯ ಚಿತ್ರವನ್ನಂತೂ ಮತ್ತೆ ತೆರೆದು ನೋಡುವ ಧೈರ್ಯವೇ ಬರಲಿಲ್ಲ.

*

ವರ್ಷವೊಂದು ಉರುಳಿತು. ಮೋಕ್ಷಿತಾ ಕುಂದಾಪುರಕ್ಕೆ ಮರಳಿದ್ದಳು. ಫೆಬ್ರವರಿಯ ಒಂದು ಮಧ್ಯಾಹ್ನ, ಕಮಲಾ ಮಾರುಕಟ್ಟೆಯಿಂದ ಬಂದು ಬುಟ್ಟಿ ಇಳಿಸುತ್ತಿದ್ದಾಗ ಗೇಟಿನ ಸದ್ದಾಯಿತು. ಕೋಲೂರಿಕೊಂಡು, ಬಲಗಾಲನ್ನು ಎಳೆದೆಳೆದು ಬರುತ್ತಿದ್ದವರು... ಜಲಜ!

"ಬನಿ ಜಲಜಕ್ಕ, ಕೂಕಣಿ."

"ಕೂಕಂಬುಕೆ ಬಂದದ್ದಲ್ಲ ಕಮಲ. ನಿನ್ನ ಮಗ್ಳಿಗೆ ಸಮಾ ಬೈದ್ ಹೋಪುಕೆ ಬಂದದ್ದ್."

"ಹಾಂಗಾರೆ ಕೂಕಂಡೇ ಬೈಯಿನಿ. ನಾನೂ ವರ್ಷದಿಂದ ಬೈತಾ ಇದ್ದೆ, ತಾಗುದಿಲ್ಲೆ. ನಿಮ್ದಾರೂ ತಾಗತ್ತಾ ಕಾಂಬ."

ಒಳಬಾಗಿಲಲ್ಲಿ ನಿಂತ ಮೋಕ್ಷಿತಾಳಿಗೆ ಆ ಎಳೆಯುವ ಕಾಲಿನಿಂದ ಕಣ್ಣು ಕೀಳಲಾಗಲಿಲ್ಲ.

"ಇದ್... ಇದ್ ಯಾವಾಗ ಆದ್ದ್ ಅತ್ತೆ?"

"ಕೇಂತೆಯಲ್ಲೆ ಈಗ! ಬನ ಕಡ್ಸಿದ್ದ್ ಯಾರ್ ಅಂದ್ ಒಂದ್ ಮಾತ್ ಕೇಂಡ್ಯಾ ಆಗ?"

ಮೋಕ್ಷಿತಾ ತಲೆತಗ್ಗಿಸಿದಳು.

"ನಾನ್. ಕಡ್ಸಿದ್ದ್ ನಾನ್ ಹೆಣೆ." ಜಲಜರ ದನಿ ಕುಸಿಯಿತು. "ಲಕ್ವ ಹೊಡ್ದ್ ಆಸ್ಪತ್ರಿಯಗೆ ಬಿದ್ದಿದ್ದೆ. ನೀನ್ ಕೆಲ್ಸ ಬಿಟ್ಟ್ ಓಡಿ ಬತ್ತೆ ಅಂದ್, ನಿಂಗೆ ಹೇಳುದ್ ಬೇಡ ಅಂದಿದ್ದೆ. ನನ್ನ ತಮ್ಮ ಕಿಟ್ಟ ಬೊಂಬಾಯಿಂದ ಬಂದ. 'ನಾಗ ಇಷ್ಟ್ ವರ್ಷ ಗಾಳಿ ಮಳಿಯಗೆ ಕೂಕಂಡಿತ್ತಕ್ಕ, ಒಂದ್ ಚಂದದ ಕಟ್ಟಿ ಕಟ್ಟುವ, ನಿಂಗೆ ಗುಣ ಆತ್ತ್' ಅಂದ. ನಾನ್ ಹೂಂ ಅಂದೆ. ರತನ್ ಬನದ ಬಾಯಗೆ ಅಡ್ಡ ನಿಂತ. ಮರ ಕಡುಕೆ ಬಂದವ್ರನ್ನ ಒಂದಿನ ಇಡೀ ತಡ್ದ. ನಾನೇ ಹಾಸ್ಗಿಂದ ಫೋನ್ ಮಾಡಿ ಹೇಳ್ದೆ... 'ನಾನ್ ಸಾಯ್ಲಿ ಅಂದ್ ಇದ್ರೆ ಅಲ್ಲೇ ನಿಲ್ಲ್, ಬದ್ಕ್‌ಲಿ ಅಂದ್ ಇದ್ರೆ ದಾರಿ ಬಿಡ್' ಅಂದೆ."

ಕಮಲಾ ಬುಟ್ಟಿ ಬಿಟ್ಟು ಬಂದು ಜಲಜರ ಪಕ್ಕ ಕುಳಿತರು.

"ಆಗ ನಿಂಗೆ ಫೋನ್ ಮಾಡ್ದ ಮಗಾ. ಬನ ಹುಡ್ಕಿ ಕೊಟ್ಟವ್ಳ್ ಬಂದ್ ನಾಕ್ ಮಾತ್ ಹೇಳ್ರೆ ಅಬ್ಬಿ ಕೇಂತ್ರ್ ಅಂದ್. ಹೌದ್... ನೀನ್ ಹೇಳ್ರೆ ನಾನ್ ಕೇಂತಿದ್ದೆ."

ಅಯ್ಯೋ! ಆ ಕರೆಗಳು! ತಪ್ಪೊಪ್ಪಿಕೊಳ್ಳಲು ಬಂದ ಕರೆಗಳೆಂದು ತಾನು ಕಲ್ಪಿಸಿಕೊಂಡಿದ್ದವು, ಬನ ಇನ್ನೂ ನಿಂತಿದ್ದಾಗಲೇ ಬಂದಿದ್ದವು! ಮೋಕ್ಷಿತಾ ಬಾಗಿಲ ಚೌಕಟ್ಟಿಗೆ ಒರಗಿದಳು. ಯಂತ್ರ ಬಲೆಯ ರಾಶಿಯನ್ನು ಬನವೆಂದು ತೋರಿಸಿದಾಗ, ನಡೆದುಹೋಗಿ ನೋಡಿ ಬರೆಯಬೇಕೆಂಬ ಶಿಸ್ತಿತ್ತು ಅವಳಿಗೆ. ಪ್ರೀತಿಸಿದವನ ವಿಷಯದಲ್ಲಿ ಆ ಶಿಸ್ತೂ ನೆನಪಾಗಲಿಲ್ಲವಲ್ಲ!

"ಕಳ್ದ ಬೇಸಗಿ, ತಂಗಿ ಒಟ್ಟಿಗೆ ಬಸ್ಸಗೆ ಹೋಯ್ ಹಾಲ್ ಎರೆಯುಕೆ ನಿಂತೆ" ಜಲಜ ಮೆಲ್ಲನೆ ಮುಂದುವರಿಸಿದರು. "ಆ ಕಲ್ಲ್ ಮೇಲೆ ಕಾಲ್ ಇಡುಕೆ ಆಯ್ಲಿಲ್ಲೆ. ಸುಟ್ಟ್ ಹೋಯ್ತ್. ನಾನ್ ಮೆಟ್ಟ್ ಹಾಕಂಡ್ ಬದಿಗೆ ನಿಂತೆ. ನಾಗ ಎಲ್ಲಿ ನಿಂತ್ಕಂತ್ ಹೆಣೆ? ಎರ್ದ ಹಾಲ್ ಕಾಂತಿದ್ದಂಗೇ ಒಣ್ಗಿ ಹೋಯ್ತ್... ರತನನ್ ಹತ್ರ ಹೇಳ್ಲಿಲ್ಲೆ. ನಾನೇ ಕಡ್ಸಿ, ನಾನೇ ಸುಡ್ತ್ ಅಂಬುದಾ? ಯಾವ ಬಾಯಗೆ?"

ಮೋಕ್ಷಿತಾ ಅವರ ಕಾಲಬಳಿ ಕುಸಿದು ಕುಳಿತಳು. "ಬೈಯಿನಿ ಅತ್ತೆ. ಸಮಾ ಬೈಯಿನಿ."

"ಬೈದ್ ಆಯ್ತಲೆ." ಜಲಜ ಅವಳ ತಲೆಯ ಮೇಲೆ ಕೈಯಿಟ್ಟರು. "ನಂಗೆ ಬೇರೆ ಹೆದ್ರಿಕಿ. ಅವ ಈಗ ಆದಿತ್ಯವಾರ ಬಂದ್ರೆ ಬೈಕ್ ಹತ್ತಿ ಹೋತ. ಎಲ್ಲಿಗೆ ಅಂದ್ರೆ 'ಕೆಲ್ಸ ಇತ್ತ್' ಅಂತ. ಸಂಜಿ ಬಪ್ಪತ್ತಿಗೆ ಅಂಗೈ ತುಂಬ ಬೊಕ್ಕಿ. ಕಿಟ್ಟ ಅವ್ನ್ ಹತ್ರ ಮಾತ್ ಬಿಟ್ಟಿದ್ದ. ಎಂತಕೆ ಅಂದ್ರೆ ಅವ್ನೂ ಹೇಳುದಿಲ್ಲೆ. ನನ್ನ ಮಗ ಎಂತ ಮಾಡ್ತಾ ಇದ್ದ?"

ಅವರು ಹೋದ ಮೇಲೆ ಮೋಕ್ಷಿತಾ ಲ್ಯಾಪ್‌ಟಾಪ್ ತೆರೆದಳು. ವರ್ಷದಿಂದ ಮುಟ್ಟದ ಯಡ್ತರೆಯ ಚಿತ್ರಗಳನ್ನು ಒಂದೊಂದಾಗಿ ಎಳೆದಳು. ಬೇಸಿಗೆಯ ಚೌಕ, ಕಣ್ಣು ಕೋರೈಸುವ ಬಿಳಿ. ಮಳೆಗಾಲ, ಬರೀ ಮೋಡ. ಮಳೆ ಸರಿದ ಮೇಲೆ...

ಚೌಕದ ಅಂಚು ಹರಿದಿತ್ತು!

'ಕಳೆ ಇರಬೇಕು. ಮಳೆಗೆ ಬೆಳೆದದ್ದು.' ಡಿಸೆಂಬರ್ ತೆರೆದಳು. ಜನವರಿ ತೆರೆದಳು. ಸುತ್ತಲ ಗದ್ದೆಗಳೆಲ್ಲ ಒಣಗಿ ಕಂದಾಗಿದ್ದವು. ಕಳೆಯಾಗಿದ್ದರೆ ಅದೂ ಒಣಗಬೇಕಿತ್ತು. ಆದರೆ ಚೌಕದೊಳಗೆ, ಬಿಡಿಬಿಡಿಯಾಗಿ, ಹಸಿರು ಇನ್ನೂ ಉಸಿರಾಡುತ್ತಿತ್ತು.

ಈ ಬಾರಿ ಅವಳು ಯಾವ ತೀರ್ಮಾನವನ್ನೂ ಬರೆಯಲಿಲ್ಲ. ಆದಿತ್ಯವಾರ ಬೆಳಿಗ್ಗೆ ಬೈಂದೂರು ಬಸ್ಸು ಹತ್ತಿದಳು.

*

ಗದ್ದೆಯಂಚಿನಲ್ಲಿ ನಡೆಯುತ್ತಿದ್ದಂತೆಯೇ ಸದ್ದು ಕೇಳಿಸಿತು. ಕಲ್ಲಿಗೆ ಕಬ್ಬಿಣ ತಾಗುವ ಸದ್ದು.

ಬೆವರಲ್ಲಿ ತೊಯ್ದ ಬನಿಯನ್ನಿನಲ್ಲಿ ರತನ್ ಹಾರೆಯಿಂದ ಹಾಸುಗಲ್ಲೊಂದನ್ನು ಮೀಟುತ್ತಿದ್ದ. ಎಬ್ಬಿಸಿದ ಕಲ್ಲುಗಳ ಸಾಲು ಬದಿಗಿತ್ತು. ಬಯಲಾದ ಮಣ್ಣಿನಲ್ಲಿ, ಕಡಿದ ಕಾಸರಕದ ಬುಡದಿಂದ, ರೆಂಜೆಯ ಬುಡದಿಂದ, ಮಂಡಿಯೆತ್ತರದ ಚಿಗುರುಗಳು ಮೇಲೆದ್ದಿದ್ದವು. ಹಾಲೆಮರದ ಬುಡ ಮಾತ್ರ ಕಪ್ಪಾಗಿ ಸತ್ತಿತ್ತು.

ನೆರಳು ಬಿದ್ದದ್ದು ಕಂಡು ಅವನು ತಲೆಯೆತ್ತಿದ. ಹಾರೆ ಕೈಯಲ್ಲೇ ನಿಂತಿತು.

"ಮೇಲಿಂದ ಕಾಂಬುದಿಲ್ಯಾ?" ಎಂದ. "ಇಷ್ಟ್ ದೂರ ಎಂತಕೆ ಬಂದದ್ದ್?"

"ಮೇಲಿಂದ ಕಂಡದ್ದೆಲ್ಲ ಸರಿ ಇತ್ತ್. ನಾನ್ ಓದಿದ್ದ್ ತಪ್ಪ್." ಅವಳು ಚಪ್ಪಲಿ ಕಳಚಿದಳು. "ಅತ್ತೆ ಎಲ್ಲ ಹೇಳ್ದ್ರ್. ಫೋನ್ ಮಾಡಿದ್ದ್ ಎಂತಕೆ ಅಂದ್ ನಾನ್ ಕೇಣ್‌ಲೇ ಇಲ್ಲೆ ರತನ್... ನಾನ್ ಬಂದಿದ್ರೆ..."

"ಅಬ್ಬಿ ನಿನ್ನ ಹತ್ರ ಬಂದಿದ್ರಾ!" ಅವನು ಬೆಚ್ಚಿದ. "ಇದ್ರ ವಿಷ್ಯ ಹೇಳ್ಬೇಡ ಮೋಕ್ಷಿ. ಅವ್ರಿಗೆ ಗೊತ್ತಿಲ್ಲೆ. ಕಿಟ್ಟ ಮಾವ ಒಂದ್ಸಲ ಬಂದ್ ಕಂಡ್, ನನ್ನ ಹತ್ರ ಮಾತೇ ಬಿಟ್ಟ್ರ್. ಅಕ್ಕನ ಜೀವ ಹೋತ್ತ್ ಅಂದ್ ಅವ್ರೂ ಬಾಯಿ ಬಿಡ್ಲಿಲ್ಲೆ. ಈ ಕಟ್ಟಿಯಿಂದ್ಲೇ ಗುಣ ಆಯ್ತ್ ಅಂದ್ ಅಬ್ಬಿ ನಂಬಿದ್ರ್."

ಮೋಕ್ಷಿತಾ ಕಣ್ಣೊರೆಸಿಕೊಳ್ಳುತ್ತ ಅಲ್ಲವೆಂದು ತಲೆಯಾಡಿಸಿದಳು.

"ನಂಬಿಲ್ಲೆ. ಕಳ್ದ ಬೇಸಗಿ ಅವ್ರ್ ಇಲ್ಲಿಗೆ ಬಂದ್ ಕಾಲ್ ಸುಟ್ಕಂಡ್ ಹೋಯಿದ್ರ್. ನಾಗ ಎಲ್ಲಿ ನಿಂತ್ಕಂತ್ ಅಂದ್ ನನ್ನ ಹತ್ರ ಅತ್ತ್ರ್. ನಿಮ್ಗೆ ನೋವಾತ್ತ್ ಅಂದ್ ಹೇಳ್ಲಿಲ್ಲೆ ಅಷ್ಟೇ."

ಹಾರೆ ಕೈಜಾರಿ ಬಿತ್ತು. ರತನ್ ಎಬ್ಬಿಸಿದ ಕಲ್ಲಿನ ಮೇಲೆಯೇ ಕುಳಿತು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಒಂದೇ ಸೂರಿನಡಿ ತಾಯಿಯೂ ಮಗನೂ ಒಬ್ಬರನ್ನೊಬ್ಬರು ಉಳಿಸಲೆಂದು ಒಂದೇ ನೋವನ್ನು ಬಚ್ಚಿಟ್ಟುಕೊಂಡು ಬದುಕಿದ್ದರು!

"ನಿಂಗೆ ಮಾತ್ ಕೊಟ್ಟಿದ್ದೆ" ಎಂದ ಕೊನೆಗೆ. "ನಿನ್ನ ಮೆಸೇಜ್ ಓದಿ, ಸರಿಯೇ ಬರ್ದಿದ್ಲ್ ಅಂದ್ಕಂಡೆ. ದಾರಿ ಬಿಟ್ಟದ್ದ್ ನಾನೇ ಅಲ್ದಾ?"

"ಸರಿ ಅಲ್ಲ. ನೀವ್ ಒಬ್ರೇ ನಿಂತಿದ್ರಿ. ಒಟ್ಟಿಗೆ ನಿಲ್ಬೇಕಾದ್ದ್ ನಾನ್."

ಅವಳು ಅವನ ಅಂಗೈ ಬಿಡಿಸಿ ನೋಡಿದಳು. ಒಡೆದ ಬೊಕ್ಕೆಗಳ ಮೇಲೆ ಹೊಸ ಬೊಕ್ಕೆಗಳು.

"ಇದ್ ಮತ್ತೆ ಬನ ಆತ್ತಾ ಮೋಕ್ಷಿ? ನೀನ್ ಓದಿದವ್ಳ್, ಸುಳ್ಳ್ ಹೇಳ್ಬೇಡ."

ಅವಳು ಚಿಗುರುಗಳನ್ನು ನೋಡಿದಳು. ಸತ್ತ ಹಾಲೆಮರದ ಬುಡವನ್ನು ನೋಡಿದಳು.

"ಆತ್ತ್. ಆರೆ ನಾವ್ ಕಂಡ ಬನವನ್ನ ನಾವಿಬ್ರೂ ಮತ್ತೆ ಕಾಂಬುದಿಲ್ಲೆ. ಮರ ಅಷ್ಟ್ ದೊಡ್ಡ್ ಆಪ್ಪ ಹೊತ್ತಿಗೆ ನಾವ್ ಇಪ್ಪುದಿಲ್ಲೆ."

ಅವನು ನಿಧಾನವಾಗಿ ತಲೆಯಾಡಿಸಿದ. ಬಿಸಿಲು ಏರುತ್ತಿತ್ತು, ಉಳಿದ ಕಲ್ಲುಗಳು ಆಗಲೇ ಕಾಯತೊಡಗಿದ್ದವು. ಮೋಕ್ಷಿತಾ ದುಪಟ್ಟಾದ ಅಂಚನ್ನು ಹರಿದು ಅವನ ಅಂಗೈಗೆ ಸುತ್ತಿದಳು. ಸುತ್ತುವ ಬೆರಳುಗಳ ಮೇಲೆ ಅವನ ಕಣ್ಣೀರೋ, ತನ್ನದೋ, ಒಂದು ಹನಿ ಬಿತ್ತು.

"ಬಪ್ಪ ಆದಿತ್ಯವಾರ ಬತ್ಯಾ?" ಎಂದ ರತನ್. ದನಿಯಲ್ಲಿ ಕೇಳಲೋ ಬೇಡವೋ ಎಂಬ ಅಳುಕು.

"ಬಪ್ಪ ಆದಿತ್ಯವಾರಕ್ಕೆ ಮಾತ್ರ ಕರೀತ್ರಿ ಅಂದ್ರೆ ಬತ್ತಿಲ್ಲೆ."

"ಮತ್ತೆ...?"

"ಎಲ್ಲ ಆದಿತ್ಯವಾರಕ್ಕೂ ಕರೀನಿ."

ಅವನು, ಗಂ‌ಟು ಹಾಕುತ್ತಿದ್ದ ಅವಳ ಬೆರಳುಗಳನ್ನು, ಬಟ್ಟೆಯ ಸಮೇತ, ಮೆಲ್ಲನೆ ಮುಚ್ಚಿ ಹಿಡಿದುಕೊಂಡ.

"ಬಾ" ಎಂದ.